ಮನೆಯಲ್ಲಿ ಶೀತೋಷ್ಣದ ಹದ

ಬೇಸಗೆಯ ಮಧ್ಯಾಹ್ನದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರೆಲ್ಲರಿಗೂ ಒಂದು ಅನುಭವ ಆಗಿಯೇ ಇರುತ್ತದೆ. ಪಾದರಕ್ಷೆಯನ್ನು ಹೊರಗೆ ಬಿಟ್ಟು ಮಹಾದ್ವಾರವನ್ನು ದಾಟಿದೊಡನೆಯೇ ಅಂಗಳದ ಚಪ್ಪಡಿಗಳು ಅಂಗಾಲನ್ನು ಸುಡುತ್ತವೆ. ಗಂಭೀರವಾಗಿ ಹೆಜ್ಜೆಯಿಡುತ್ತ ಬಂದ ಹಿರಿಯರೂ ಅಲ್ಲಿ ಓಡುನಡೆಯಲ್ಲಿ ಸಾಗಬೇಕಾಗುತ್ತದೆ. ಮೆಟ್ಟಿಲನ್ನೇರಿ ನವರಂಗದ ಒಳಕ್ಕೆ ಕಾಲಿಟ್ಟರೆ ಅದೇ ಪಾದಕ್ಕೆ ತಣ್ಣನೆಯ ಸ್ಪರ್ಶ. ಹೊರಗಿರುವುದೂ ಕಲ್ಲು, ಒಳಗಿರುವುದೂ ಕಲ್ಲು. ಒಂದರ ಮೇಲೆ ಬಿಸಿಲು ಬಿದ್ದಿದೆ, ಇನ್ನೊಂದರ ಮೇಲೆ ಬಿದ್ದಿಲ್ಲ, ಭೇದವೆಲ್ಲ ಇಷ್ಟೇ. 1117 ರಲ್ಲಿ ಪ್ರತಿಷ್ಠೆಯಾದ ಆ ಗುಡಿಯನ್ನು ತಂಪಾಗಿಡಲು ಯಾವ ಯಂತ್ರವೂ ಇಲ್ಲ. ದಪ್ಪವಾದ ಗೋಡೆ, ದಪ್ಪವಾದ ಮೇಲ್ಛಾವಣಿ, ಬಿಸಿಲನ್ನು ತಡೆದು ಗಾಳಿಯನ್ನು ಮಾತ್ರ ಒಳಕ್ಕೆ ಬಿಡುವ ಜಾಲಂಧ್ರ, ಈ ಮೂರೇ ಅಲ್ಲಿಯ ಉಪಕರಣಗಳು.

ನಮ್ಮ ಮನೆಗಳನ್ನು ಬೇಸಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇಟ್ಟುಕೊಳ್ಳುವುದು ಹೇಗೆ, ಅದಕ್ಕಾಗಿ ಕೊಂಡ ಉಪಕರಣಗಳನ್ನು ಕಾಪಾಡುವುದು ಹೇಗೆ, ಅದರ ಖರ್ಚನ್ನು ತೂಗಿಸುವುದು ಹೇಗೆ ಎಂಬ ವಿಚಾರಕ್ಕೆ ಈ ದೃಷ್ಟಾಂತವೇ ಪೀಠಿಕೆಯಾಗಲಿ.

ಅರಸೀಕೆರೆ, ಹಳೇಬೀಡು, ಬೇಲೂರು ಈ ಮೂರೂ ಹಾಸನ ಜಿಲ್ಲೆಯ ಊರುಗಳು. ಮೂರೂ ಸಮುದ್ರಮಟ್ಟದಿಂದ ಸುಮಾರು 800 ರಿಂದ 1000 ಮೀಟರು ಎತ್ತರದಲ್ಲಿವೆ. ಆದರೂ ಅವುಗಳ ಹವೆ ಒಂದೇ ತೆರನಲ್ಲ. ಅರಸೀಕೆರೆ ಬಯಲುಸೀಮೆ, ತೆಂಗಿನ ತೋಟ, ಕಡಮೆ ಮಳೆ, ಒಣಗಾಳಿ. ಅಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣಮಾಪಕವು 35 ಡಿಗ್ರಿಯನ್ನು ಮುಟ್ಟುವುದು ಅಪೂರ್ವವಲ್ಲ. ಬೇಲೂರು ಮಲೆನಾಡಿನ ಹೊಸ್ತಿಲು. ಆಷಾಢದ ಜಡಿಮಳೆ, ಗೋಡೆಯ ತೇವ, ಪುಷ್ಯ ಮಾಸದ ಚಳಿ ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಬೇಲೂರಿಗೆ 16 ಕಿಲೋಮೀಟರು ದೂರದ ಹಳೇಬೀಡು ಎರಡರ ನಡುವಣ ಸ್ವಭಾವದ್ದು. ಆದಕಾರಣ ಅರಸೀಕೆರೆಯ ನಂಟರ ಮನೆಯಲ್ಲಿ ಕಂಡ ಯಂತ್ರವನ್ನು ಬೇಲೂರಿನವರು ಕೊಂಡು ತಂದರೆ ಅದು ಅಲ್ಲಿಯೂ ಅಷ್ಟೇ ಸುಖವನ್ನು ಕೊಡುವುದೆಂಬ ಭರವಸೆಯಿಲ್ಲ.

ಮೊದಲು ಉಷ್ಣದ ಸ್ವಭಾವವನ್ನು ತಿಳಿಯೋಣ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಉಷ್ಣವು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ. ಮನೆಗೆ ತಂಪನ್ನು ತುಂಬುವುದೆಂಬುದು ಇಲ್ಲ. ಉಷ್ಣವನ್ನು ಒಳಗೆ ಬಿಡದಿರುವುದು, ಬಂದುದನ್ನು ಹೊರಗಟ್ಟುವುದು, ಇವೆರಡೇ ಸಾಧ್ಯ. ಒಳಬರುವ ಉಷ್ಣದ ಹೆದ್ದಾರಿ ಯಾವುದೆಂದರೆ ಮಾಳಿಗೆ. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಸುತ್ತದೆ. ಹತ್ತಡಿ ಅಗಲ ಹನ್ನೆರಡಡಿ ಉದ್ದದ ಒಂದು ಕೋಣೆಯ ಮೇಲೆ ಬೀಳುವ ಬಿಸಿಲು, ಎರಡೆರಡು ಸಾವಿರ ವಾಟಿನ ಐದು ಗೀಸರುಗಳನ್ನು ಒಟ್ಟಿಗೆ ಹಚ್ಚಿದುದಕ್ಕೆ ಸಮಾನ. ಅದೆಲ್ಲವೂ ಒಳಗಿಳಿಯುವುದಿಲ್ಲ, ನಿಜ. ಆದರೆ ಎಷ್ಟು ಇಳಿಯುತ್ತದೆಂಬುದನ್ನು ನಿರ್ಣಯಿಸುವುದು ನಮ್ಮ ಮಾಳಿಗೆ.

ಹಿಂದಿನ ತೊಟ್ಟಿಮನೆಯಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡಿತ್ತು. ಮೇಲೆ ಹೆಂಚು, ಅದರ ಕೆಳಗೆ ಅಟ್ಟ, ನಡುವೆ ಗಾಳಿಯ ಪದರ. ಕಾದ ಗಾಳಿ ಹೆಂಚಿನ ಸಂದುಗಳಿಂದ ತಾನಾಗಿ ಹೊರಟುಹೋಗುತ್ತಿತ್ತು. ದಪ್ಪವಾದ ಮಣ್ಣಿನ ಗೋಡೆ ಹಗಲೆಲ್ಲ ಉಷ್ಣವನ್ನು ಹೀರಿ, ಅದು ಒಳಮುಖವನ್ನು ಮುಟ್ಟುವ ವೇಳೆಗೆ ಹೊರಗೆ ತಂಪಾದ ರಾತ್ರಿ ಬಂದಿರುತ್ತಿತ್ತು. ನಡುವಣ ತೊಟ್ಟಿ ರಾತ್ರಿಯ ತಣ್ಣನೆಯ ಗಾಳಿಯನ್ನು ಒಳಕ್ಕೆ ಇಳಿಸುತ್ತಿತ್ತು. ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕೊಳವೊಂದುಂಟು. ಅದರ ಮೆಟ್ಟಿಲುಗಳನ್ನು ಇಳಿಯುತ್ತ ಹೋದಂತೆ ಸೆಕೆ ಹಿಂದುಳಿಯುತ್ತದೆ. ಏಕೆಂದರೆ ನೆರಳು, ನೀರು ಮತ್ತು ನೆಲದ ಆಳ ಮೂರೂ ಅಲ್ಲಿ ಸೇರಿವೆ. ಕೆಲವು ಮೀಟರುಗಳ ಆಳದಲ್ಲಿ ಭೂಮಿಗೆ ಬೇಸಗೆಯೆಂದೂ ಚಳಿಗಾಲವೆಂದೂ ಹೆಚ್ಚಿನ ಭೇದವಿಲ್ಲ. ದಪ್ಪವಾದ ಮಣ್ಣಿನ ಗೋಡೆ ಆ ಗುಣದ ಒಂದಂಶವನ್ನು ನೆಲದ ಮೇಲೆ ಎತ್ತಿ ನಿಲ್ಲಿಸಿದಂತೆ.

ಆದರೆ ತೊಟ್ಟಿಮನೆಯನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಅಲ್ಲಿ ಕತ್ತಲೆಯಿತ್ತು, ಗೆದ್ದಲಿತ್ತು, ಅಡುಗೆಮನೆಯ ಹೆಂಗಸರ ಕಣ್ಣನ್ನು ಕೆಡಿಸುವ ಹೊಗೆಯಿತ್ತು. ಮಳೆಗಾಲಕ್ಕೆ ಮುನ್ನ ಪ್ರತಿ ವರ್ಷವೂ ಹೆಂಚನ್ನು ಸರಿಪಡಿಸಬೇಕಿತ್ತು. ಕೋತಿಗಳ ಹಿಂಡು ಒಂದು ಸಲ ಬಂದುಹೋದರೆ ಆ ಕೆಲಸ ಮತ್ತೆ ಮೊದಲಾಗುತ್ತಿತ್ತು. ಜನರು ಕಾಂಕ್ರೀಟಿನ ತಾರಸಿಯನ್ನು ಬಯಸಿದುದು ತಪ್ಪಲ್ಲ. ಆದರೆ ಐದಂಗುಲದ ಆ ತಾರಸಿ ಹಗಲೆಲ್ಲ ಕಾದು, ಸಂಜೆಯಿಂದ ಮಧ್ಯರಾತ್ರಿಯವರೆಗೆ ಆ ಕಾವನ್ನು ಮಲಗಿದವರ ಮೇಲೆ ಸುರಿಸುತ್ತದೆಂಬುದನ್ನು ಅರಿಯದೆ ಕಟ್ಟಿದ್ದು ತಪ್ಪು. ಹೊರಗೆ ತಂಗಾಳಿ ಬೀಸುತ್ತಿರುವಾಗಲೂ ಒಳಗೆ ಬೆವರುವುದಕ್ಕೆ ಇದೇ ಕಾರಣ.

ಇದಕ್ಕೆ ಅಗ್ಗದ ಪರಿಹಾರಗಳುಂಟು. ಹಳೆಯದಾಗಿ ಮಸುಕಾದ ಕಾಂಕ್ರೀಟು ಬಿಸಿಲಿನ ಬಹುಭಾಗವನ್ನು ಹೀರುತ್ತದೆ; ಹೊಸದಾಗಿ ಸುಣ್ಣ ಬಳಿದ ಬಿಳಿಯ ತಾರಸಿ ಬಹುಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದೇ ಸುಣ್ಣವನ್ನು ಎರಡು ಕೈ ತಾರಸಿಗೂ ಬಳಿಯಿರಿ. ಧೂಳು ಮಳೆಗಳಿಂದ ಅದು ಮಾಸುವುದರಿಂದ ವರ್ಷವರ್ಷವೂ ಬಳಿಯಬೇಕು. ಅರಸೀಕೆರೆಯಲ್ಲಿ ತೆಂಗಿನ ಗರಿಗೆ ಬರವಿಲ್ಲ. ತಾರಸಿಯ ಮೇಲೆ ಗರಿಯ ಚಪ್ಪರ ಹಾಕಿದರೆ ದೇವಾಲಯದ ನೆರಳಿನ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ. ಇದು ಬಡವರ ಉಪಾಯವೆಂದು ಅಲಕ್ಷಿಸಬೇಕಾದುದಿಲ್ಲ. ತೆಲಂಗಾಣ ಸರ್ಕಾರವು 2023 ರಲ್ಲಿ ತಂಪು ಮಾಳಿಗೆಯನ್ನೇ ಕುರಿತು ಒಂದು ನೀತಿಯನ್ನು ಪ್ರಕಟಿಸಿತು. ಇದರೊಡನೆ ಹಗಲು ಕಿಟಕಿಯನ್ನು ಮುಚ್ಚಿ, ಸಂಜೆಯಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆದಿಡುವ ಅಭ್ಯಾಸವೂ ಇರಲಿ.

ಮಾಳಿಗೆಯ ತರುವಾಯ ಫ್ಯಾನು. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಎಂತಲೇ ಜನವಿಲ್ಲದ ಕೋಣೆಯಲ್ಲಿ ಅದು ತಿರುಗುವುದು ವ್ಯರ್ಥ. ಹಳೆಯ ಮಾದರಿಯ ಫ್ಯಾನಿಗೆ ಸುಮಾರು 75 ವಾಟ್ ಬೇಕು, ಬಿ.ಎಲ್.ಡಿ.ಸಿ. ಎಂಬ ಹೊಸ ಮಾದರಿಗೆ ಸುಮಾರು 30 ಸಾಕು. ಮೂರನೆಯದು ನೀರಿನ ಕೂಲರು. ಇದು ನಮ್ಮ ಮಣ್ಣಿನ ಹೂಜಿಯ ಮತ್ತು ಲಾವಂಚದ ತಟ್ಟಿಯ ವಂಶಸ್ಥ. ಒಂದು ಲೀಟರು ನೀರು ಆವಿಯಾಗುವಾಗ ಗಾಳಿಯಿಂದ ಹೀರಿಕೊಳ್ಳುವ ಉಷ್ಣವು ಸುಮಾರು ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಮೆ. ಒಣಗಾಳಿಯ ಅರಸೀಕೆರೆಯ ಬೇಸಗೆಗೆ ಇದು ತಕ್ಕ ಸಾಧನ. ಗಾಳಿಯಲ್ಲಿ ಆಗಲೇ ತೇವ ತುಂಬಿರುವ ಬೇಲೂರಿನ ಮಳೆಗಾಲಕ್ಕೆ ನಿರುಪಯೋಗಿ. ಕೂಲರು ನಡೆಯುವಾಗ ಒಂದು ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ತೇವ ಕೋಣೆಯಲ್ಲೇ ನಿಂತು ಉಸಿರು ಕಟ್ಟಿದಂತಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಚೆಲ್ಲಿ, ಉಜ್ಜಿ ಒಣಗಿಸಬೇಕು. ಡೆಂಗ್ಯೂ ಹರಡುವ ಸೊಳ್ಳೆಗೆ ಅಂಥ ನಿಂತ ನೀರೇ ತವರು.

ಇಷ್ಟಾದ ಮೇಲೂ ಸಾಲದಾದರೆ, ಮನೆಯಲ್ಲಿ ವೃದ್ಧರೋ ರೋಗಿಗಳೋ ಇದ್ದರೆ, ಹವಾನಿಯಂತ್ರಕ ಯಂತ್ರವನ್ನು, ಅಂದರೆ ಏಸಿಯನ್ನು, ಕೊಳ್ಳಬಹುದು. ಅದೂ ತಂಪನ್ನು ಸೃಷ್ಟಿಸುವುದಿಲ್ಲ. ಕೋಣೆಯ ಉಷ್ಣವನ್ನು ಹೊತ್ತು ಹೊರಗೆಸೆಯುವ ಹಮಾಲಿ ಅದು. ಅದರ ಅಳತೆಯಾದ ‘ಟನ್’ ಎಂಬುದು ಯಂತ್ರದ ತೂಕವಲ್ಲ; ಒಂದು ಟನ್ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸುವಷ್ಟು ಉಷ್ಣವನ್ನು ಸಾಗಿಸುವ ಸಾಮರ್ಥ್ಯ. ಮೇಲಣ ನಕ್ಷತ್ರಗಳ ಪಟ್ಟಿಯನ್ನು ಓದಿ ಕೊಳ್ಳಬೇಕು. 2020 ರ ಜನವರಿಯಿಂದ ಹೊಸ ಯಂತ್ರಗಳೆಲ್ಲ 24 ಡಿಗ್ರಿಯಲ್ಲಿ ಆರಂಭವಾಗುವಂತೆ ನಿಯಮ ಮಾಡಲಾಯಿತು. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ 6 ರಷ್ಟು ವಿದ್ಯುತ್ತು ಉಳಿಯುವುದೆಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಜಾಲರಿಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವ ಕೆಲಸ ಮನೆಯವರೇ ಮಾಡಬಹುದಾದದ್ದು. ಹೊರಗಿನ ಪೆಟ್ಟಿಗೆಗೆ ನೆರಳೂ ಗಾಳಿಯೂ ಇರಲಿ. ‘ಗ್ಯಾಸು ಮುಗಿದಿದೆ’ ಎಂದು ದುರಸ್ತಿಯವನು ಹೇಳಿದರೆ, ಸೋರುವ ಜಾಗವನ್ನು ಮೊದಲು ತೋರಿಸೆಂದು ಕೇಳಿರಿ. ಆ ಅನಿಲವು ದೀಪದ ಎಣ್ಣೆಯಂತೆ ಉರಿದು ತೀರುವಂಥದಲ್ಲ. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿರಲೇಬೇಕು.

ಇನ್ನು ಬೆಚ್ಚಗಿಡುವ ವಿಚಾರ. ನಮ್ಮ ಸೀಮೆಯಲ್ಲಿ ಉಷ್ಣಕ್ಕಾಗಿ ಆಗುವ ದೊಡ್ಡ ಖರ್ಚು ಕೋಣೆಯನ್ನು ಕಾಯಿಸುವುದಕ್ಕಲ್ಲ, ಸ್ನಾನದ ನೀರಿಗೆ. ಐವರ ಕುಟುಂಬಕ್ಕೆ ದಿನಕ್ಕೆ 100 ಲೀಟರು ನೀರನ್ನು 20 ಡಿಗ್ರಿಯಷ್ಟು ಕಾಯಿಸಲು ಸುಮಾರು 2.3 ಯೂನಿಟ್ಟು ಬೇಕು, ತಿಂಗಳಿಗೆ 70. ಹಿಂದೆ ಬಚ್ಚಲುಮನೆಯ ತಾಮ್ರದ ಹಂಡೆಗೆ ತೆಂಗಿನ ಮಟ್ಟೆ, ಕರಟಗಳ ಉರಿ ಸಾಕಾಗಿತ್ತು. ತೋಟವುಳ್ಳವರಿಗೆ ಅದು ಈಗಲೂ ಸಾಕು, ಹೊಗೆಕೊಳವೆ ಇದ್ದರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕಡಮೆ ಸೌದೆ, ಕಡಮೆ ಹೊಗೆಯ ಒಲೆಗಳನ್ನು ರೂಪಿಸಿ ಹಳ್ಳಿಗಳಿಗೆ ಒಯ್ದುದು ಈ ಕಾರಣದಿಂದಲೇ. ಉಳಿದವರಿಗೆ ಸೌರಶಕ್ತಿಯ ಹಂಡೆ ಉತ್ತಮ. ಬೇಲೂರಿನ ಮಳೆಗಾಲಕ್ಕೆ ಮಾತ್ರ ಬೇರೆ ಏರ್ಪಾಡು ಜೊತೆಗಿರಬೇಕು. ಕೊಳವೆಬಾವಿಯ ಗಡಸು ನೀರಾದರೆ ಸೌರಹಂಡೆಯ ಕೊಳವೆಗಳಲ್ಲೂ ಗೀಸರಿನ ಕಾಯಿಲಿನ ಮೇಲೂ ಸುಣ್ಣದಂಥ ಗಟ್ಟಿ ಪದರ ಕಟ್ಟುತ್ತದೆ. ಅದನ್ನು ವರ್ಷಕ್ಕೊಮ್ಮೆ ತೆಗೆಸದಿದ್ದರೆ ವಿದ್ಯುತ್ತು ಹೆಚ್ಚು ಸುಡುವುದಲ್ಲದೆ ಕಾಯಿಲು ಬೇಗ ಹಾಳಾಗುತ್ತದೆ. ನೀರಿನಲ್ಲಿ ಮುಳುಗಿಸುವ ಕಾಯಿಸುವ ಸಲಾಕೆಯನ್ನು ಬಳಸುವವರು ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಹೊರತು ನೀರನ್ನು ಮುಟ್ಟಲೇಕೂಡದು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತುಂಟು. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಡುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಹೆಂಚಿನ ಮನೆಯಲ್ಲಿ ಸಾವಿರ ಸಂದುಗಳಿದ್ದುದರಿಂದ ಅದರ ಅಪಾಯ ಅಷ್ಟಾಗಿ ಕಾಣಲಿಲ್ಲ. ಅದೇ ಅಗ್ಗಿಷ್ಟಿಕೆಯನ್ನು ಕಾಂಕ್ರೀಟಿನ ಕೋಣೆಯಲ್ಲಿಟ್ಟು ಗಾಜಿನ ಕಿಟಕಿಯನ್ನು ಮುಚ್ಚಿದರೆ, ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ತರುವಾಯ ಎಚ್ಚರವಾಗದ ನಿದ್ರೆ. ಕಿರಿದಾದ ಬಚ್ಚಲಿನಲ್ಲಿಟ್ಟ ಗ್ಯಾಸ್ ಗೀಸರಿನ ಅಪಾಯವೂ ಇದೇ. ತಾಯಿಯನ್ನೂ ಕೂಸನ್ನೂ ಕಂಬಳಿ, ಕುಲಾವಿಗಳಿಂದ ಬೆಚ್ಚಗಿಡಿ. ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಡಬೇಡಿ. ಗ್ಯಾಸ್ ಗೀಸರಿನ ಸ್ಥಾನ ಬಚ್ಚಲಿನ ಹೊರಗೆ.

ಕಡೆಯದಾಗಿ ಲೆಕ್ಕ. 2023 ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಸಾಮಾನ್ಯವಾಗಿ 2022–23 ರ ತಿಂಗಳ ಸರಾಸರಿಗೆ ಶೇಕಡ 10 ಸೇರಿಸಿ ಒಂದೊಂದು ಮನೆಗೂ ಉಚಿತ ಮಿತಿಯನ್ನು ಗೊತ್ತುಮಾಡಿತು. ಮಿತಿಯನ್ನು ಮೀರಿದ ಯೂನಿಟ್ಟುಗಳಿಗೆ ಹಣ ಕೊಡಬೇಕು. ಬಳಕೆ 200 ನ್ನು ದಾಟಿದ ತಿಂಗಳಲ್ಲಿ ಪೂರ್ತಿ ಬಿಲ್ಲನ್ನೇ ಕೊಡಬೇಕು. ಒಂದು ಮನೆಯ ಬಳಕೆ 110 ಯೂನಿಟ್ಟು, ಮಿತಿ 121 ಎಂದಿಟ್ಟುಕೊಳ್ಳೋಣ, ಅವರಿಗೆ ಬಿಲ್ಲಿಲ್ಲ. ರಾತ್ರಿ ಎಂಟು ಗಂಟೆಗಳ ಕಾಲ ಏಸಿಯನ್ನು ನಡೆಸಿದರೆ ದಿನಕ್ಕೆ ಹೆಚ್ಚುಕಡಮೆ 5, ತಿಂಗಳಿಗೆ 150 ಯೂನಿಟ್ಟು; ಒಟ್ಟು 260. ಲೆಕ್ಕದ ಸುಲಭಕ್ಕೆ ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 1560 ರೂಪಾಯಿ. ಯಂತ್ರ ಬಳಸಿದುದು 900 ರೂಪಾಯಿಯ ವಿದ್ಯುತ್ತು. ಉಳಿದುದು ಗೆರೆಯನ್ನು ದಾಟಿದ್ದಕ್ಕೆ ತೆತ್ತ ದಂಡ. ತಾರಸಿಗೆ ಸುಣ್ಣ, ಚಪ್ಪರಗಳಾಗಿ, ಅದೇ ಯಂತ್ರವು ನಾಲ್ಕು ಗಂಟೆ ನಡೆದರೆ ಸಾಕೆಂದಾದರೆ ಒಟ್ಟು 185; ಮಿತಿ ಮೀರಿದ 64 ಯೂನಿಟ್ಟಿಗೆ 384 ರೂಪಾಯಿ. ಯಂತ್ರಕ್ಕಾಗಿ ಮನೆಯ ಮಂಜೂರಾದ ಕಿಲೋವಾಟನ್ನು ಹೆಚ್ಚಿಸಿಕೊಂಡರೆ ನಿಗದಿತ ಶುಲ್ಕವೂ ಹೆಚ್ಚುವುದೆಂಬುದನ್ನು ಕೊಳ್ಳುವ ಮುನ್ನವೇ ನೆನೆಯಬೇಕು.

ಆದುದರಿಂದ ಹಣವನ್ನು ಹಾಕುವ ಕ್ರಮ ಇದು: ಮೊದಲು ಮಾಳಿಗೆಗೆ, ಎರಡನೆಯದಾಗಿ ಕಿಟಕಿಯ ನೆರಳಿಗೆ ಮತ್ತು ಫ್ಯಾನಿಗೆ, ಮೂರನೆಯದಾಗಿ ಸ್ನಾನದ ನೀರಿಗೆ, ಕಟ್ಟಕಡೆಗೆ ದೊಡ್ಡ ಯಂತ್ರಕ್ಕೆ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ಬಿಸಿಲಲ್ಲಿ ಚಪ್ಪಡಿಯನ್ನು ಕಾಯಲು ಬಿಟ್ಟು, ಅದನ್ನು ತಣಿಸಲು ತಿಂಗಳು ತಿಂಗಳೂ ಹಣ ಸುರಿಯುವವರಂತೆ ಆಗುತ್ತಾರೆ. ಮುಂದಿನ ಸಲ ಬೇಲೂರಿನ ಅಂಗಳದಲ್ಲಿ ಕಾಲು ಸುಟ್ಟಾಗ, ನವರಂಗದ ನೆರಳಿಗೆ ಓಡುವ ಮುನ್ನ, ನಮ್ಮ ಮನೆಯ ತಾರಸಿಯೂ ಈಗ ಹೀಗೆಯೇ ಕಾಯುತ್ತಿದೆಯಲ್ಲವೇ ಎಂದು ಒಂದು ಕ್ಷಣ ಯೋಚಿಸಿದರೆ ಸಾಕು.