ತಾರೀಕು ಗೊತ್ತಿಲ್ಲದವನ ಸಿಟ್ಟು

ಹರಪನಹಳ್ಳಿ ಕಡೆಯ ಹಳ್ಳಿಯಿಂದ ಬಳ್ಳಾರಿ ಕೇಂದ್ರ ಕಾರಾಗೃಹದಲ್ಲಿರುವ ಮಗನನ್ನು ನೋಡಲು ಹೊರಡುವ ತಾಯಿ ಕೋಳಿ ಕೂಗುವ ಹೊತ್ತಿಗೇ ಮನೆ ಬಿಡಬೇಕು. ನೂರು ಕಿಲೋಮೀಟರಿಗೂ ಮೀರಿದ ದಾರಿ. 2023ರಿಂದ ಹೆಂಗಸರಿಗೆ ಬಸ್ಸೇನೋ ಪುಕ್ಕಟೆ, ಆದರೆ ಹೋದ ಕೂಲಿಯನ್ನು ಕೊಡುವವರಿಲ್ಲ. ಹೆಸರು ಬರೆಸಿ, ಸಾಲಿನಲ್ಲಿ ನಿಂತ ಮೇಲೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಒಳಗಿನವನು ಕೇಳುವುದು ಒಂದೇ ಮಾತು: “ವಕೀಲ್ರು ಏನಂದ್ರವ್ವಾ? ಯಾವಾಗ ಬಿಡ್ತಾರಂತ?” ಅವ್ವನ ಹತ್ತಿರ ಇರುವುದೂ ಒಂದೇ ಉತ್ತರ: “ಮುಂದಿನ ವಾಯಿದೆಗೆ ನೋಡೂಣು ಅಂದಾರಪ್ಪಾ.”

ಅದೇ ಸಂಜೆ ನಲ್ಲಿ ಮುಂದೆ ಬಕೆಟ್ ಇಡುವಾಗ ಅವನು ಪಕ್ಕದವನ ಮೇಲೆ ಕೈ ಮಾಡಿದ ಎನ್ನಿ. ದಾಖಲೆಯಲ್ಲಿ ‘ನೀರಿನ ವಿಷಯಕ್ಕೆ ಜಗಳ’ ಎಂದು ಬರೆಯುತ್ತಾರೆ. ಪೇಪರಿಗೆ ಬಂದರೆ ‘ಕೈದಿಗಳ ಮಾರಾಮಾರಿ’. ಜಗಳ ಹುಟ್ಟಿದ್ದು ಮಾತ್ರ ನಲ್ಲಿಯ ಬುಡದಲ್ಲಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಕೇಂದ್ರ ಕಾರಾಗೃಹ ಮಾತ್ರ ಬಳ್ಳಾರಿಯಲ್ಲೇ ಉಳಿಯಿತು. ಮಳೆ ಕೈಕೊಟ್ಟರೆ ಗುಳೆ ಹೋಗುವ ಈ ಸೀಮೆಯ ಮನೆಗಳಿಗೆ ಜೈಲೂ ಒಂದು ದೂರದ ಊರೇ.

ಕಸಿದುಕೊಂಡದ್ದು, ಹೊತ್ತು ತಂದದ್ದು

ಕೈದಿಗಳೇಕೆ ಬಡಿದಾಡುತ್ತಾರೆ? ‘ಅವರ ಗುಣವೇ ಅಂಥದ್ದು’ ಎಂಬ ಕಟ್ಟೆಯ ಉತ್ತರವನ್ನು ಮನಶ್ಶಾಸ್ತ್ರ ಪೂರ್ತಿ ತಳ್ಳಿಹಾಕುವುದಿಲ್ಲ, ಪೂರ್ತಿ ಒಪ್ಪುವುದೂ ಇಲ್ಲ. ಅಮೆರಿಕದ ಟ್ರೆಂಟನ್ ಸೆರೆಮನೆಯನ್ನು ಅಭ್ಯಾಸ ಮಾಡಿದ ಗ್ರೆಶಮ್ ಸೈಕ್ಸ್ 1958ರಲ್ಲಿ ಸೆರೆಯಲ್ಲಿ ಕಳೆದುಕೊಳ್ಳುವ ಐದು ಸಂಗತಿಗಳ ಪಟ್ಟಿ ಕೊಟ್ಟರು. ಸ್ವಾತಂತ್ರ್ಯ, ಬೇಕಾದ ವಸ್ತು, ಸಂಗಾತಿ, ತನ್ನ ದಿನವನ್ನು ತಾನೇ ನಡೆಸುವ ಹಕ್ಕು, ಕೊನೆಗೆ ಭದ್ರತೆ. ಇವನ್ನೆಲ್ಲ ಕಸಿದುಕೊಂಡಾಗ ಉಳಿಯುವುದು ಹೆಸರೊಂದೇ. ಅದನ್ನು ಉಳಿಸಿಕೊಳ್ಳಲು ತೋಳು ತೋರಿಸಬೇಕಾಗುತ್ತದೆ. ಊರಿನಲ್ಲಿ ‘ಹೋಗ್ಲಿ ಬಿಡು’ ಎಂದು ನುಂಗುವ ಬೈಗುಳವನ್ನು ಬ್ಯಾರಕಿನಲ್ಲಿ ನುಂಗುವಂತಿಲ್ಲ. ಒಮ್ಮೆ ನುಂಗಿದವನನ್ನು ನಾಳೆ ಎಲ್ಲರೂ ಮೆಟ್ಟುತ್ತಾರೆ.

ಜಾನ್ ಇರ್ವಿನ್ ಮತ್ತು ಡೊನಾಲ್ಡ್ ಕ್ರೆಸ್ಸಿ 1962ರಲ್ಲಿ ಇದರ ಇನ್ನೊಂದು ಮಗ್ಗುಲು ತೋರಿಸಿದರು. ಸೆರೆಮನೆಯ ಒರಟುತನ ಅಲ್ಲೇ ಹುಟ್ಟಿದ್ದಲ್ಲ, ಹೊರಗಿನಿಂದ ಹೊತ್ತು ತಂದದ್ದು ಎಂಬುದು ಅವರ ವಾದ. ಹರೆಯದವರೇ ಹೆಚ್ಚು ಜಗಳಕ್ಕಿಳಿಯುವುದನ್ನು ನೋಡಿದರೆ ಇದರಲ್ಲೂ ತಿರುಳಿದೆ. ಆದರೆ ಹೊರೆ ಎಲ್ಲರದೂ ಒಂದೇ ಅಲ್ಲ. ಹೊಲದ ಬದುವಿನ ಜಗಳದಲ್ಲಿ ಕುಡುಗೋಲು ಎತ್ತಿ ಒಳಗೆ ಬಂದ ರೈತನೂ, ಹತ್ತು ಕೇಸು ಕಂಡ ಪಟ್ಟಣದ ರೌಡಿಯೂ ಒಂದೇ ಸೂರಿನಡಿ ಮಲಗಬೇಕಾಗಿ ಬಂದರೆ ಯಾರಿಂದ ಯಾರು ಕಲಿಯುತ್ತಾರೆ? ಸೆರೆಮನೆಯ ರೀತಿ ರಿವಾಜು ಹೊಸಬನ ಮೈಗೂಡುವ ಈ ಬಗೆಯನ್ನು ಡೊನಾಲ್ಡ್ ಕ್ಲೆಮ್ಮರ್ 1940ರಲ್ಲೇ ವಿವರಿಸಿದ್ದರು.

ಸ್ಟ್ಯಾನ್‌ಫರ್ಡಿನ ಪ್ರಯೋಗದ ಕತೆ ಹಲವರಿಗೆ ಗೊತ್ತು. 1971ರ ಆಗಸ್ಟಿನಲ್ಲಿ ಫಿಲಿಪ್ ಜಿಂಬಾರ್ಡೊ ವಿದ್ಯಾರ್ಥಿಗಳನ್ನೇ ಕಾವಲುಗಾರರು, ಕೈದಿಗಳು ಎಂದು ಹಂಚಿದರು. ಎರಡು ವಾರ ನಡೆಯಬೇಕಿದ್ದ ಆಟವನ್ನು ಆರನೇ ದಿನಕ್ಕೇ ನಿಲ್ಲಿಸಬೇಕಾಯಿತು. ‘ಜಾಗವೇ ಮನುಷ್ಯನನ್ನು ಕೆಡಿಸುತ್ತದೆ’ ಎಂಬುದಕ್ಕೆ ಬಹುಕಾಲ ಇದೇ ಸಾಕ್ಷಿಯಾಗಿತ್ತು. ಕಾವಲುಗಾರರಿಗೆ ಬಿಗಿಯಾಗಿರಿ ಎಂದು ಮೊದಲೇ ಹೇಳಿಕೊಡಲಾಗಿತ್ತು ಎಂಬುದು ಆಮೇಲೆ ಹೊರಬಂತು. ಹಾಗಾದರೆ ಕೆಡಿಸಿದ್ದು ಬರೀ ಜಾಗವಲ್ಲ, ಅದನ್ನು ನಡೆಸಿದವರು ಕೊಟ್ಟ ಸೂಚನೆಯೂ ಹೌದು. ನಮ್ಮ ಸೆರೆಮನೆಗಳಿಗೆ ಬೇಕಾದ ಪಾಠವೂ ಇದೇ.

ಬೀಡಿ ಇಲ್ಲದ ಬೆಳಗು

ನಮ್ಮದೇ ರಾಜ್ಯದ ಲೆಕ್ಕವೂ ಇದೆ. ನಿಮ್ಹಾನ್ಸ್ ವೈದ್ಯರು ಪರಪ್ಪನ ಅಗ್ರಹಾರದ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಮಾನಸಿಕ ಕಾಯಿಲೆಯೋ ಚಟದ ತೊಂದರೆಯೋ ಇದ್ದವರು ಶೇ 79.6. ಚಟವನ್ನು ಬದಿಗಿಟ್ಟರೂ ಶೇ 27.6 ಮಂದಿಗೆ ರೋಗವೆಂದು ಗುರುತಿಸಬಹುದಾದ ಮಾನಸಿಕ ತೊಂದರೆಯಿತ್ತು. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವನಿಗೆ, ರಾತ್ರಿ ಕುಡಿಯದೆ ಮಲಗದವನಿಗೆ ಏಕಾಏಕಿ ಎಲ್ಲ ನಿಂತುಹೋದರೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಮುಟ್ಟಿದರೆ ಸಿಡಿಯುತ್ತಾನೆ. ಅದಕ್ಕೆ ಲಾಠಿ ಮದ್ದಲ್ಲ, ಡಾಕ್ಟರು ಬೇಕು. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಲೇಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಮೈಲಾರದ ಮೌನ

ಹಾಗಾದರೆ ಜನ ಕಿಕ್ಕಿರಿದದ್ದೇ ಕಾರಣವೇ? 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ ನೂರು ಜನರ ಜಾಗದಲ್ಲಿ 131 ಮಂದಿ ಇದ್ದರು. ಇದು ಅಮಾನವೀಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಜನ ಹೆಚ್ಚಾದಂತೆ ಹೊಡೆದಾಟ ಹೆಚ್ಚುತ್ತದೆ ಎಂದು ಎಲ್ಲ ಅಧ್ಯಯನಗಳೂ ಹೇಳುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿನ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಮೈಗೆ ಮೈ ತಾಗಿಸಿ ನಿಂತಿರುತ್ತಾರೆ. ಭವಿಷ್ಯವಾಣಿಯಾದ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಸಾಕು, ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಅವರು ತಾವಾಗಿಯೇ ಬಂದವರು. ಕಾರಣಿಕ ಮುಗಿದೊಡನೆ ಬಂಡಿ ಕಟ್ಟಿ ಊರಿಗೆ ಹೊರಡುತ್ತೇವೆ ಎಂಬುದೂ ಅವರಿಗೆ ಗೊತ್ತು. ಬ್ಯಾರಕಿನವನಿಗೆ ಇವೆರಡೂ ಇಲ್ಲ.

ಅದರಲ್ಲೂ ವಿಚಾರಣಾಧೀನರಿಗೆ. ಅದೇ 2022ರ ಲೆಕ್ಕದಲ್ಲಿ ದೇಶದ 5.73 ಲಕ್ಷ ಬಂದಿಗಳ ಪೈಕಿ 4.34 ಲಕ್ಷ ಮಂದಿ ಶಿಕ್ಷೆಯಾಗದೆ ಒಳಗಿದ್ದವರು. ನಾಲ್ವರಲ್ಲಿ ಮೂವರು! ಸಜಾ ಆದವನಿಗೆ ಬಿಡುಗಡೆಯ ವರ್ಷವಾದರೂ ಗೊತ್ತು, ಗೋಡೆಯ ಮೇಲೆ ಗೀಟು ಎಳೆಯಬಲ್ಲ. ಇವನು ಎಲ್ಲಿಂದ ಎಣಿಸಬೇಕು? ಆಸೆಗೆ ಅಡ್ಡಿಯಾದಾಗ ಸಿಟ್ಟು ಹುಟ್ಟುತ್ತದೆ ಎಂದು ಜಾನ್ ಡಾಲರ್ಡ್ ಮತ್ತು ಸಂಗಡಿಗರು 1939ರಲ್ಲೇ ಹೇಳಿದ್ದರು. ಅಡ್ಡಿ ಮಾಡಿದ್ದು ಕೋರ್ಟಿನ ಕಡತ. ಅದು ಕೈಗೆ ಸಿಗದು. ಕೈಗೆ ಸಿಗುವವನು ಬಕೆಟ್ ಹಿಡಿದು ಎದುರು ನಿಂತವನು. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ!

ಈ ಸಿಟ್ಟಿಗೆ ಬೇರೆ ದಾರಿಯೂ ಇದೆ. ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿ ಕೈದಿಗಳನ್ನೇ ನಟರನ್ನಾಗಿಸಿ ನಾಟಕ ಆಡಿಸಿದ್ದು ನಾಡಿಗೆ ಗೊತ್ತು. ಮ್ಯಾಕ್‌ಬೆತ್ ಆಧರಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನೂ ಆ ಕೈದಿಗಳು ಆಡಿದರು. ಕೊಲೆಗಾರನ ತಳಮಳವನ್ನು ಕೈದಿಯೇ ನುಡಿಯುವುದರ ತೂಕ ಒಂದು ಕಡೆ. ನನಗೆ ಕಾಣುವ ಇನ್ನೊಂದು ಲಾಭ ತೀರಾ ಸಾದಾ: ತಾಲೀಮಿಗೊಂದು ಹೊತ್ತು, ಪ್ರದರ್ಶನಕ್ಕೊಂದು ತಾರೀಕು. ಎದುರು ನೋಡಲು ದಿನವಿಲ್ಲದವನಿಗೆ ಒಂದು ದಿನ ಸಿಕ್ಕಿತು.

ನಾಟಕ ಎಲ್ಲರಿಗೂ ಸಿಗದು. ಕಾನೂನು ಸಿಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದ ವಿಚಾರಣಾಧೀನರು ಜಾಮೀನಿಗೆ ಅರ್ಹರು. ಹಿಂದೆ ಶಿಕ್ಷೆಯಾಗದವರಿಗೆ ಮೂರರಲ್ಲೊಂದು ಪಾಲು ಸಾಕು. ಮರಣದಂಡನೆ, ಜೀವಾವಧಿಯಂಥ ಶಿಕ್ಷೆ ಇರುವ ಆರೋಪ ಹೊತ್ತವರಿಗೂ ಹಲವು ಪ್ರಕರಣ ಬಾಕಿ ಇದ್ದವರಿಗೂ ಇದಿಲ್ಲ. ಉಳಿದವರ ಗಡುವು ತುಂಬಿದೊಡನೆ ಕೋರ್ಟಿಗೆ ಬರೆಯಬೇಕಾದವರು ಜೈಲಿನ ಸೂಪರಿಂಟೆಂಡೆಂಟರೇ. ಕಂಬಿ ಎಣಿಸುವವನ ಪರವಾಗಿ ದಿನ ಎಣಿಸುವುದು ಈಗ ಅಧಿಕಾರಿಯ ಕೆಲಸ.

ಮುಂದಿನ ಸಲ ಬಳ್ಳಾರಿಯ ಬಸ್ಸು ಹತ್ತುವ ಅವ್ವ ಮಗನಿಗೆ ಉತ್ತರ ಹುಡುಕುವ ಮೊದಲು ಗೇಟಿನಲ್ಲೇ ಒಂದು ಪ್ರಶ್ನೆ ಕೇಳಬಹುದು: “ಸಾಹೇಬ್ರ, ನನ್ನ ಮಗ ಎಷ್ಟು ದಿನ ಕಳದಾನಂತ ಲೆಕ್ಕ ಹಾಕೀರೇನ್ರಿ?”