ಅರಿವಳಿಕೆಯ ಅನಂತರ: ಇಲಿಗಳ ಸಂಗಜೀವನದಲ್ಲಿ ಗಂಡು-ಹೆಣ್ಣೆಂಬ ಭೇದ

'ಅರಿವಳಿಕೆ' ಎಂಬುದು ಕನ್ನಡದ ವೈದ್ಯ ಪರಿಭಾಷೆಯಲ್ಲಿ ಅತ್ಯಂತ ಅರ್ಥವತ್ತಾದ ಶಬ್ದಗಳಲ್ಲೊಂದು. ಅರಿವು ಅಳಿಯುವುದನ್ನು ಅದು ಸೂಚಿಸುತ್ತದೆ. ಆ ಅಳಿವು ತಾತ್ಕಾಲಿಕವೆಂಬ ನಂಬಿಕೆಯ ಮೇಲೆ ಶಸ್ತ್ರಚಿಕಿತ್ಸೆ ನಿಂತಿದೆ. ಬೆಳೆಯುತ್ತಿರುವ ಮಿದುಳಿನ ಮಟ್ಟಿಗೆ ಈ ನಂಬಿಕೆ ಎಷ್ಟು ದೃಢವಾದುದು? ಗಂಡು-ಹೆಣ್ಣುಗಳಲ್ಲಿ ಪರಿಣಾಮ ಒಂದೇ ಬಗೆಯದೆ? ಇಲಿಗಳ ಅಧ್ಯಯನದ ಬೆಳಕಿನಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

2003ರಲ್ಲಿ ಅಮೆರಿಕದ ವೆಸ್ನಾ ಯೆವ್ತೊವಿಚ್-ತೊದೊರೊವಿಚ್ ಮತ್ತು ಸಂಗಡಿಗರು 7 ದಿನದ ಇಲಿಮರಿಗಳಿಗೆ ಮಿಡಜೋಲಾಮ್, ನೈಟ್ರಸ್ ಆಕ್ಸೈಡ್, ಐಸೊಫ್ಲುರೇನ್‌ಗಳನ್ನು ಒಟ್ಟುಗೂಡಿಸಿ 6 ಗಂಟೆ ಕಾಲ ಕೊಟ್ಟರು. ಮರಿಗಳ ಮಿದುಳಿನಲ್ಲಿ ನರಕೋಶಗಳು ವ್ಯಾಪಕವಾಗಿ ಸತ್ತುದೂ ಮುಂದೆ ಅವುಗಳ ಕಲಿಕೆ ಕುಂದಿದುದೂ ಕಂಡುಬಂದವು. ಕಲಿಕೆಯಿಂದ ಆರಂಭವಾದ ಈ ವಿಚಾರಣೆ ಕ್ರಮೇಣ ಸಾಮಾಜಿಕ ವರ್ತನೆಗೂ ವಿಸ್ತರಿಸಿತು.

ಇಲಿ ಸಂಗಜೀವಿ. ಎಳೆಯ ಇಲಿಗಳು ಪರಸ್ಪರ ಕತ್ತಿನ ಹಿಂಭಾಗಕ್ಕೆ ಮೂತಿಯೊತ್ತಿ ಆಟದ ಕಾಳಗ ನಡೆಸುತ್ತವೆ. ಸಾಮಾನ್ಯವಾಗಿ ಗಂಡುಗಳಲ್ಲಿ ಇದು ಹೆಚ್ಚು. ಪರಿಚಿತ ಇಲಿಗಿಂತ ಅಪರಿಚಿತ ಇಲಿಯನ್ನು ಮೂಸಿ ನೋಡುವುದರಲ್ಲಿ ಅವು ಹೆಚ್ಚು ಹೊತ್ತು ಕಳೆಯುತ್ತವೆ. ಔಷಧ ಸೋಕುವ ಮುನ್ನವೇ ಹೀಗೆ ಭೇದವಿರುವಾಗ, ಇಬ್ಬರನ್ನೂ ಬೆರೆಸಿ ಸರಾಸರಿ ತೆಗೆದರೆ ಸತ್ಯ ಮರೆಯಾಗುವ ಸಂಭವವುಂಟು.

ಭೇದಕ್ಕೊಂದು ಕಾರಣ 'ಗಾಬಾ' ಎಂಬ ನರವಾಹಕದಲ್ಲಿ ದೊರೆಯುತ್ತದೆ. ಐಸೊಫ್ಲುರೇನ್, ಸೆವೊಫ್ಲುರೇನ್‌ಗಳು ಇದರ ಪ್ರಭಾವವನ್ನು ಬಲಪಡಿಸುತ್ತವೆ. ಬೆಳೆದ ಮಿದುಳಿನಲ್ಲಿ ಗಾಬಾ ನರಕೋಶವನ್ನು ಶಾಂತಗೊಳಿಸುತ್ತದೆ. ನವಜಾತ ಇಲಿಯಲ್ಲಾದರೋ ಕೆರಳಿಸುತ್ತದೆ. ಮಿದುಳಿನ ಕೆಲವು ಭಾಗಗಳಲ್ಲಿ ಈ ಹೊರಳು ಹೆಣ್ಣುಮರಿಗಳಲ್ಲಿ ಮೊದಲೇ ನಡೆಯುತ್ತದೆ. ಆದುದರಿಂದ ಒಂದೇ ದಿನ ಕೊಟ್ಟ ಒಂದೇ ಔಷಧ ಬೆಳವಣಿಗೆಯ ಎರಡು ಬೇರೆ ಘಟ್ಟಗಳನ್ನು ಸಂಧಿಸುತ್ತದೆ. 2014ರ ಒಂದು ಅಧ್ಯಯನದಲ್ಲಿ ಐಸೊಫ್ಲುರೇನ್ ಪಡೆದ ಗಂಡುಗಳ ಗುರುತಿಸುವ ಸ್ಮರಣೆ ಕುಂದಿತು, ಹೆಣ್ಣುಗಳದು ಕುಂದಲಿಲ್ಲ. ಹಾಗೆಂದು ಹೆಣ್ಣು ಸದಾ ಸುರಕ್ಷಿತವೆನ್ನಲಾಗದು. ಔಷಧ, ವಯಸ್ಸು, ಅವಧಿ ಬದಲಾದರೆ ಫಲವೂ ಬದಲಾಗುತ್ತದೆ.

ಮಾನವ ಶಿಶುಗಳ ವಿಷಯದಲ್ಲಿ 2019ರಲ್ಲಿ ಪ್ರಕಟವಾದ, 7 ದೇಶಗಳ 722 ಶಿಶುಗಳನ್ನೊಳಗೊಂಡ ಅಧ್ಯಯನ ಸಮಾಧಾನಕರ. ಒಂದು ಗಂಟೆಗಿಂತ ತುಸು ಕಡಿಮೆ ಅವಧಿಯ ಪೂರ್ಣ ಅರಿವಳಿಕೆಯಿಂದ 5ನೆಯ ವಯಸ್ಸಿನ ಬುದ್ಧಿಮಾಪನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಶಿಶುಗಳಲ್ಲಿ ಶೇ. 84ರಷ್ಟು ಗಂಡು, ಏಕೆಂದರೆ ಅವರಿಗೆ ನಡೆದುದು ತೊಡೆಸಂದಿನ ಹರ್ನಿಯಾದ ಶಸ್ತ್ರಚಿಕಿತ್ಸೆ, ಅದು ಗಂಡುಮಕ್ಕಳಲ್ಲೇ ಹೆಚ್ಚು. ಹೆಣ್ಣುಶಿಶುವಿನ ಪರವಾಗಿ ನುಡಿಯುವ ಸಾಕ್ಷ್ಯ ಅಷ್ಟರಮಟ್ಟಿಗೆ ತೆಳುವಾಗಿದೆ.

ಇಲಿಯ 6 ಗಂಟೆಯನ್ನು ಶಿಶುವಿನ ಒಂದು ಗಂಟೆಗೆ ಸಮೀಕರಿಸಿ, ಅಗತ್ಯವಾದ ಚಿಕಿತ್ಸೆಯನ್ನು ತಂದೆತಾಯಿಗಳು ಮುಂದೂಡುವುದು ಯುಕ್ತವಲ್ಲ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನೀಡಿದ ಎಚ್ಚರಿಕೆಯೂ 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯನ್ನು ಕುರಿತದ್ದು. ಆದರೆ ಗಂಡಿನಲ್ಲಿ ಕಂಡುದನ್ನು ಹೆಣ್ಣಿಗೂ ಆರೋಪಿಸಿ ತೃಪ್ತವಾಗುವ ವಿಜ್ಞಾನ ಅರ್ಧ ವಿಜ್ಞಾನವೇ ಸರಿ. ಇಲಿಗಳು ಕಲಿಸುವ ಮುಖ್ಯ ಪಾಠ ಇದೆಂದು ನಾವು ಭಾವಿಸುತ್ತೇವೆ.