ಕದ್ದ ಗಾಡಿ ಕೊಂಡವನಿಗೂ 3 ವರ್ಷ

ಚಾಮರಾಜನಗರದ ಉಡಿಗಾಲದ ಸುತ್ತಮುತ್ತ ಅರಿಸಿನದ ಹೊಲಕ್ಕೆ ನೀರು ಕಟ್ಟಲು ಹೋದವರು ಬೈಕನ್ನು ಬದುವಿನ ಪಕ್ಕ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು ಹೋಗುವುದು ಅಪರೂಪವೇನಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕು ಹಾಕಲು ಎರಡು ಸೆಕೆಂಡು ಸಾಕು. ಅಷ್ಟನ್ನೂ ಮಾಡದಿದ್ದರೆ, ಕದ್ದವನಿಗೆ ಗುಂಡ್ಲುಪೇಟೆಯಿಂದ ಮುಂದಕ್ಕೆ ಎರಡು ರಾಜ್ಯಗಳ ದಾರಿ ತೆರೆದಿರುತ್ತದೆ: ಒಂದು ವಯನಾಡಿಗೆ, ಇನ್ನೊಂದು ಗೂಡಲೂರಿಗೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು. ಎರಡನೇ ಸಲ ತಪ್ಪಿತಸ್ಥನಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸಜೆ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನವನ್ನೇ ಕದ್ದರೆ 305ನೇ ಕಲಮಿನಂತೆ 7 ವರ್ಷದವರೆಗೆ.

“ಸುಮ್ಮನೆ ಒಂದು ರೌಂಡು ಹೋಗಿ ಬಂದೆ” ಎಂಬ ಸಬೂಬೂ ನಡೆಯದು. 1952ರಲ್ಲಿ ಜೋಧಪುರದ ವಾಯುಪಡೆ ಅಕಾಡೆಮಿಯ ಕೆಡೆಟ್ ಒಬ್ಬ ಅನುಮತಿಯಿಲ್ಲದೆ ವಿಮಾನ ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿದ. ಸ್ವಲ್ಪ ಹೊತ್ತಿಗೆಂದು ಒಯ್ದರೂ ಅದು ಕಳ್ಳತನವೇ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು. ವಿಮಾನಕ್ಕೆ ಅನ್ವಯಿಸಿದ್ದು ಬೈಕಿಗೂ ಅನ್ವಯಿಸುತ್ತದೆ.

ಆದರೆ ಕಳ್ಳತನವನ್ನು ನಿಜವಾಗಿ ತಡೆಯುವ ಬಲ ಇರುವುದು ಅಷ್ಟಾಗಿ ಯಾರೂ ಮಾತಾಡದ 317ನೇ ಕಲಮಿನಲ್ಲಿ. ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಕೊಂಡವನಿಗೂ ಕಳ್ಳನಷ್ಟೇ, 3 ವರ್ಷದವರೆಗೆ ಜೈಲು. ಅದನ್ನೇ ಕಸುಬು ಮಾಡಿಕೊಂಡ ಗುಜರಿಯವನಿಗೆ 10 ವರ್ಷ, ಇಲ್ಲವೇ ಜೀವಾವಧಿಯೂ ಆಗಬಹುದು. ಕೊಳ್ಳುವವನಿಲ್ಲದಿದ್ದರೆ ಕದ್ದ ಬೈಕು ಕಳ್ಳನ ಮನೆಯಲ್ಲಿ ಬರೀ ಸಾಕ್ಷಿಯಾಗಿ ನಿಂತಿರುತ್ತದೆ. ಅದಕ್ಕೇ ಪೊಲೀಸರು ಕದ್ದವನನ್ನು ಹಿಡಿದಷ್ಟೇ ಮುತುವರ್ಜಿಯಿಂದ ಕೊಂಡವನನ್ನೂ ಹುಡುಕಬೇಕು.

“ಆರ್‌ಸಿ ನಾಳಿಕೆ ತಂದ್ಕೊಡ್ತೀನಿ ಅಣ್ಣೋ, ಮೊದ್ಲು ಗಾಡಿ ತಕ್ಕಳಿ” ಎಂದು ಅರ್ಧ ಬೆಲೆಗೆ ಕೊಡುವವನ ಮುಂದೆ ನಿಂತಾಗಲೇ ಅನುಮಾನಕ್ಕೆ ಕಾರಣ ಸಿಕ್ಕಿರುತ್ತದೆ.

ಗಾಡಿ ಕಳೆದುಕೊಂಡವರು ಠಾಣೆಯ ಗಡಿಯ ಚಿಂತೆ ಮಾಡಬೇಕಿಲ್ಲ. ಗಾಡಿ ಗುಂಡ್ಲುಪೇಟೆಯಲ್ಲಿ ಹೋಗಿದ್ದರೂ ಚಾಮರಾಜನಗರದ ಠಾಣೆಯಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಹಳೇ ಗಾಡಿ ಕೊಳ್ಳುವವರು ಹಗಲಲ್ಲೇ ನೋಡಬೇಕು. ಹೊಸ ಮಾದರಿಯ ನಂಬರ್ ಪ್ಲೇಟಿನ ಮೂಲೆಯಲ್ಲಿ ಅಶೋಕ ಚಕ್ರದ ಹಾಲೋಗ್ರಾಂ ಇರುತ್ತದೆ, ಪ್ಲೇಟನ್ನು ಬಿಗಿದ ಲಾಕನ್ನು ಬಿಚ್ಚಿ ಮತ್ತೆ ಹಾಕಲಾಗದು. ಪ್ಲೇಟು ನೋಡಿದ ಮೇಲೆ ಹ್ಯಾಂಡಲಿನ ಕೆಳಗೆ, ಚಾಸಿ ನಂಬರ್ ಕೊರೆದಿರುವ ಕಡೆ, ಮಣ್ಣು ಒರೆಸಿ ಬೆರಳಾಡಿಸಬೇಕು. ಉಜ್ಜಿದ ಗುರುತೋ ಮೇಲೆ ಬಳಿದ ಹೊಸ ಬಣ್ಣವೋ ಕೈಗೆ ಸಿಕ್ಕರೆ, ಕೊಟ್ಟ ಮುಂಗಡವನ್ನು ಅಲ್ಲೇ ವಾಪಸು ಕೇಳುವುದು ಲೇಸು.